ಸಾಮಾನ್ಯ ಪ್ರೇಕ್ಷಕರ ತೀರ್ಪು

ಚಲನಚಿತ್ರವೊಂದು ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಯಾರದು ಎಂಬ ಚರ್ಚೆಯಲ್ಲಿ ಒಂದು ಕಡೆ ವಿಮರ್ಶಕರೂ ಪ್ರಶಸ್ತಿ ಸಮಿತಿಗಳೂ, ಇನ್ನೊಂದು ಕಡೆ ಗಲ್ಲಾಪೆಟ್ಟಿಗೆಯ ಲೆಕ್ಕವೂ ನಿಲ್ಲುತ್ತವೆ. ಟಿಕೆಟ್ ಕೊಂಡು ಎರಡೂವರೆ ಗಂಟೆ ಕತ್ತಲಲ್ಲಿ ಕುಳಿತು ಎದ್ದುಬಂದ ಸಾಮಾನ್ಯ ಪ್ರೇಕ್ಷಕರ ಮಾತು ಇವೆರಡರ ನಡುವೆ ಕೇಳಿಸದೆ ಹೋಗುತ್ತದೆ. ಆದರೆ ಈ ಪ್ರೇಕ್ಷಕರನ್ನು ಗಂಭೀರವಾಗಿ ಪರಿಗಣಿಸಿದ ಪರಂಪರೆಯೊಂದು ಭಾರತದಲ್ಲಿ ಬಹಳ ಹಿಂದೆಯೇ ಇತ್ತು. ಭರತನ ನಾಟ್ಯಶಾಸ್ತ್ರದಲ್ಲಿ ‘ಸಿದ್ಧಿ’, ಎಂದರೆ ಪ್ರಯೋಗದ ಯಶಸ್ಸನ್ನು ಅಳೆಯುವ ಬಗೆ, ಎಂಬ ವಿಷಯಕ್ಕೆ ಒಂದು ಅಧ್ಯಾಯವೇ ಮೀಸಲಾಗಿದ್ದು, ಅಲ್ಲಿನ ಅಳತೆಗೋಲು ಪ್ರೇಕ್ಷಕರೇ ಆಗಿದ್ದಾರೆ. ನೋಡುವವರ ಮುಗುಳ್ನಗೆ, ಗಟ್ಟಿ ನಗೆ, ಮೆಚ್ಚುಗೆಯ ಉದ್ಗಾರ, ಮೈ ನವಿರೇಳುವುದು, ಕುಳಿತಲ್ಲಿಂದ ಎದ್ದುನಿಲ್ಲುವುದು, ಉಟ್ಟ ವಸ್ತ್ರವನ್ನೋ ಉಂಗುರವನ್ನೋ ನಟನತ್ತ ಎಸೆಯುವುದು, ಇವೆಲ್ಲವನ್ನೂ ಭರತ ‘ಮಾನುಷೀ ಸಿದ್ಧಿ’ಯ ಗುರುತುಗಳೆಂದು ಎಣಿಸುತ್ತಾನೆ. ತೆರೆಗೆ ನಾಣ್ಯ ತೂರುವ, ಶಿಳ್ಳೆ ಹೊಡೆಯುವ ಬೆಂಗಳೂರಿನ ಗಾಂಧಿನಗರದ ಚಿತ್ರಮಂದಿರಗಳ ಮುಂದಿನ ಸಾಲಿನವರನ್ನು ಅನಾಗರಿಕರೆಂದು ಹಳಿಯುವವರು ಈ ಅಧ್ಯಾಯವನ್ನು ಓದಬೇಕು. ಮಾನುಷೀ ಸಿದ್ಧಿಗಿಂತ ಮೇಲಿನದು ‘ದೈವೀ ಸಿದ್ಧಿ’: ಸಭೆ ಕಿಕ್ಕಿರಿದು ತುಂಬಿದ್ದರೂ ಸದ್ದಿಲ್ಲದೆ, ಕದಲದೆ ಕುಳಿತಿರುವ ಸ್ಥಿತಿ.

ಇದೇ ಅಧ್ಯಾಯದಲ್ಲಿ ಬರುವ ‘ಪ್ರಾಶ್ನಿಕರು’, ಎಂದರೆ ವಾದ ಬಂದಾಗ ತೀರ್ಪು ಕೊಡುವವರು, ಇಂದಿನ ಪ್ರೇಕ್ಷಕರಿಗೆ ಇನ್ನೂ ಹತ್ತಿರದವರು. ಮೈಯ ನಿಲುವಿನ ಸೌಷ್ಠವದ ಬಗ್ಗೆ ಬಿಲ್ಲುಗಾರನೂ, ವೇಷಭೂಷಣದ ಬಗ್ಗೆ ಚಿತ್ರಕಾರನೂ, ಸ್ವರತಾಳಗಳ ಬಗ್ಗೆ ಸಂಗೀತಗಾರನೂ, ರಾಜಸಭೆಯ ನಡವಳಿಕೆಯ ಬಗ್ಗೆ ಅರಸನ ಸೇವಕನೂ ಮಾತಾಡಬೇಕೆಂದು ಅಲ್ಲಿ ಹೇಳಿದೆ. ಎಲ್ಲವನ್ನೂ ಬಲ್ಲ ಒಬ್ಬ ತೀರ್ಪುಗಾರ ಇರಲಾರನೆಂಬ ವಿವೇಕ ಇದರಲ್ಲಿದೆ. ತನ್ನ ಬದುಕಿನಿಂದ ಪಡೆದ ತಿಳಿವಳಿಕೆಯೇ ನೋಡುವವನ ಅರ್ಹತೆಯೆಂಬ ಮನ್ನಣೆಯೂ ಇದೆ. ಆಸ್ಪತ್ರೆಯ ದೃಶ್ಯದಲ್ಲಿ ಡ್ರಿಪ್ ಹಾಕಿದ ರೀತಿ ತಪ್ಪೆಂದು ಗುರುತಿಸುವ ದಾದಿ, ನಾಯಕ ನೇಗಿಲು ಹಿಡಿದ ಕೈಯನ್ನು ನೋಡಿ ಅವನು ಎಂದೂ ಉತ್ತವನಲ್ಲವೆಂದು ತಿಳಿಯುವ ರೈತ, ಇಬ್ಬರೂ ಪ್ರಾಶ್ನಿಕರೇ. ಉದಾಹರಣೆಗೆ, ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ ಚಿತ್ರದಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯವರೇ, ಅದಕ್ಕೆ ಮುಂಚೆ ಕ್ಯಾಮೆರಾ ಎದುರಿಸದವರೇ, ಪಾತ್ರವಹಿಸಿದ್ದಾರೆ. ನೂರು ದಾಟಿದ ಸೆಂಚುರಿಗೌಡ ಸತ್ತು ಹನ್ನೊಂದನೆಯ ದಿನದ ತಿಥಿಗೆ ಮನೆಯವರು ಹಣ ಹೊಂದಿಸುತ್ತಿರುವಾಗ, ಮಗ ಗಡ್ಡಪ್ಪ ಆಸ್ತಿಯ ಗೊಡವೆಯಿಲ್ಲದೆ ಬೀಡಿ ಸೇದುತ್ತ ಹೊಲದ ಬದುಗಳಲ್ಲಿ ಅಲೆಯುತ್ತಿರುತ್ತಾನೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ತೀರ್ಪುಗಾರರು ಈ ಚಿತ್ರಕ್ಕೆ ಪ್ರಶಸ್ತಿ ಕೊಟ್ಟರು. ಆದರೆ ಗಡ್ಡಪ್ಪನ ಮಾತಿನ ಏರಿಳಿತ, ಬೈಗುಳದೊಳಗಿನ ಸಲುಗೆ, ಉತ್ತರ ಕೊಡದೆ ಎದ್ದುಹೋಗುವ ಅವನ ನಡಿಗೆ, ಇವು ಎಷ್ಟು ನಿಜವೆಂದು ಹೇಳಬಲ್ಲವರು ಮಂಡ್ಯ ಸೀಮೆಯವರು.

ಚಿತ್ರಮಂದಿರದ ಹೊರಗೆ ಕೇಳಿಬರುವ ಸಣ್ಣ ಸಣ್ಣ ಮಾತುಗಳಲ್ಲೂ ವಿಮರ್ಶೆಯೇ ಅಡಗಿರುತ್ತದೆ. ‘ಸೆಕೆಂಡ್ ಹಾಫ್ ಎಳೆದುಬಿಟ್ಟಿದ್ದಾರೆ’ ಎಂಬ ದೂರು ಚಿತ್ರಕಥೆಯನ್ನು, ಎಂದರೆ ಘಟನೆಗಳನ್ನು ದೃಶ್ಯಗಳಾಗಿ ಜೋಡಿಸಿದ ಕ್ರಮವನ್ನು, ಅಥವಾ ಸಂಕಲನವನ್ನು, ಎಂದರೆ ಚಿತ್ರೀಕರಿಸಿದ ತುಣುಕುಗಳನ್ನು ಕತ್ತರಿಸಿ ಕೂಡಿಸುವ ಕೆಲಸವನ್ನು ಕುರಿತದ್ದು. ‘ದುಡ್ಡಿಗೆ ಮೋಸ ಇಲ್ಲ’ ಎಂಬುದರಲ್ಲಿ ಚಿತ್ರ ತಾನು ಕೊಟ್ಟ ಭರವಸೆಯನ್ನು ಉಳಿಸಿಕೊಂಡಿದೆ ಎಂಬ ಒಪ್ಪಿಗೆಯಿದೆ. ಇಂಥ ತೀರ್ಪು ಬಾಯಿಂದ ಬಾಯಿಗೆ ಹರಡಿದಾಗ ಅದರ ಬಲ ಎಷ್ಟೆಂಬುದಕ್ಕೆ ಕನ್ನಡದಲ್ಲಿ ‘ಬಂಗಾರದ ಮನುಷ್ಯ’ಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿ, ರಾಜ್‌ಕುಮಾರ್ ನಾಯಕರಾಗಿದ್ದ, 1972ರಲ್ಲಿ ತೆರೆಕಂಡ ಈ ಚಿತ್ರ ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿತು. ಕಲ್ಲುಭೂಮಿಯನ್ನು ಹಸನು ಮಾಡುವ ನಾಯಕನನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದವರಿದ್ದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಒಮ್ಮೆ ನೋಡಿದವರು ಮನೆಯವರನ್ನೆಲ್ಲ ಕರೆದುಕೊಂಡು ಮತ್ತೆ ಹೋಗದಿದ್ದರೆ ಯಾವ ಚಿತ್ರವೂ ಅಷ್ಟು ಕಾಲ ನಿಲ್ಲುವುದಿಲ್ಲ.

ಹಾಗೆಂದ ಮಾತ್ರಕ್ಕೆ ಬಹುಜನರ ತೀರ್ಪು ಎಂದೂ ತಪ್ಪುವುದಿಲ್ಲವೆಂದು ಹೇಳಲಾಗದು. ಗುರುದತ್ 1959ರಲ್ಲಿ ತೆರೆಗೆ ತಂದ ‘ಕಾಗಜ್ ಕೆ ಫೂಲ್’ ಹಿಂದಿ ಚಿತ್ರವನ್ನು ಅಂದಿನ ಪ್ರೇಕ್ಷಕರು ಕೈಬಿಟ್ಟರು, ಆ ಸೋಲಿನ ನಂತರ ಗುರುದತ್ ತಮ್ಮ ಹೆಸರಿನಲ್ಲಿ ಇನ್ನೊಂದು ಚಿತ್ರವನ್ನು ನಿರ್ದೇಶಿಸಲಿಲ್ಲ. ಆ ಚಿತ್ರದ ಛಾಯಾಗ್ರಾಹಕ ಮೈಸೂರಿನ ವಿ.ಕೆ. ಮೂರ್ತಿ, ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಕತ್ತಲಾದ ಸ್ಟುಡಿಯೊದೊಳಕ್ಕೆ ಹಾಯಿಸಿ, ಧೂಳು ತೇಲುವ ಒಂದೇ ಬೆಳಕಿನ ಕೋಲಿನಲ್ಲಿ ಇಬ್ಬರು ಪ್ರೇಮಿಗಳ ನಡುವಿನ ದೂರವನ್ನು ತೋರಿಸಿದ್ದರು. ಮನರಂಜನೆಯನ್ನೇ ಬಯಸಿ ಬಂದವರಿಗೆ ಆ ಕಥೆಯ ವಿಷಾದ ಭಾರವಾಗಿರಬೇಕು. ಅವರ ಬೇಸರ ಸುಳ್ಳಾಗಿರಲಿಲ್ಲ, ಆದರೆ ಬೇಸರವಾಯಿತು ಎಂಬುದರಿಂದ ಚಿತ್ರ ಕೆಟ್ಟದ್ದೆಂಬ ತೀರ್ಮಾನಕ್ಕೆ ಹಾರಿದ್ದು ಆತುರವಾಯಿತು. ‘ನನಗೆ ಹಿಡಿಸಲಿಲ್ಲ’ ಎಂಬುದು ನೋಡುವವನ ಅನುಭವವನ್ನು ಕುರಿತ ಮಾತು, ‘ಚಿತ್ರ ಚೆನ್ನಾಗಿಲ್ಲ’ ಎಂಬುದು ಕೃತಿಯನ್ನು ಕುರಿತದ್ದು. ಮೊದಲನೆಯದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಎರಡನೆಯದಕ್ಕೆ ಕಾರಣ ಕೊಡಬೇಕಾಗುತ್ತದೆ. ಚಿತ್ರ ಏನನ್ನು ಮಾಡಲು ಹೊರಟಿತ್ತು, ಅದು ಎಲ್ಲಿ ಕೈಕೊಟ್ಟಿತು ಎಂದು ಒಂದು ದೃಶ್ಯವನ್ನಾದರೂ ಹೆಸರಿಸಿ ಹೇಳಬಲ್ಲ ಪ್ರೇಕ್ಷಕರಿಗೂ ವಿಮರ್ಶಕರಿಗೂ ಆಗ ಹೆಚ್ಚಿನ ಅಂತರ ಉಳಿಯುವುದಿಲ್ಲ.

ಇಂದು ಚಿತ್ರ ಬಿಡುಗಡೆಯಾದ ದಿನವೇ ಅಂಕಿಗಳಲ್ಲೂ ನಕ್ಷತ್ರಗಳಲ್ಲೂ ತೀರ್ಪು ಹೊರಬೀಳುವುದರಿಂದ, ಪ್ರೇಕ್ಷಕರು ನೋಡುವ ಮೊದಲೇ ಅಭಿಪ್ರಾಯ ಹೊತ್ತು ಒಳಗೆ ಹೋಗುತ್ತಾರೆ. ಮೆಚ್ಚಿನ ನಟನ ಮೇಲಿನ ಅಭಿಮಾನವೂ ಎದುರಾಳಿ ನಟನ ಮೇಲಿನ ಅಸಹನೆಯೂ ಇದಕ್ಕೆ ಸೇರಿಕೊಂಡರೆ ಕಣ್ಣೆದುರಿನ ಚಿತ್ರ ಕಾಣದೆ ಹೋಗುತ್ತದೆ. ಮೊದಲ ದಿನದ ಗಳಿಕೆಯಿಂದ ತಿಳಿಯುವುದು ಪ್ರಚಾರದ ಬಲವೇ ಹೊರತು ಚಿತ್ರದ ಗುಣವಲ್ಲ, ಏಕೆಂದರೆ ಆ ಟಿಕೆಟ್‌ಗಳನ್ನು ಕೊಂಡವರಾರೂ ಆಗಿನ್ನೂ ಚಿತ್ರವನ್ನು ನೋಡಿರಲಿಲ್ಲ. ಆದ್ದರಿಂದ ಓದುಗರು ಮುಂದಿನ ಚಿತ್ರಕ್ಕೆ ಹೋಗುವಾಗ ಅಂಕಿಗಳನ್ನು ನೋಡದೆ ಹೋಗಲಿ, ನೋಡಿ ಬಂದ ಮೇಲೆ ತಮಗೆ ಅನ್ನಿಸಿದ್ದನ್ನು ಕಾರಣಸಹಿತ ಹೇಳಲಿ, ಇನ್ನೊಬ್ಬರ ಕಾರಣ ತೂಕವುಳ್ಳದ್ದಾಗಿದ್ದರೆ ಅದೇ ಚಿತ್ರವನ್ನು ಮತ್ತೊಮ್ಮೆ ನೋಡಲಿ.