ನೀವು ಹೇಳ್ತಿರೋದು ಯಾವ ಮದಕರಿ?

ಮೊನ್ನೆ ಒಂದು ರೀಲ್ಸ್ ನೋಡಿದೆ. ಹಿಂದೆ ಏಳುಸುತ್ತಿನ ಕೋಟೆ, ಮುಂದೆ ಮದಕರಿ ನಾಯಕರ ಚಿತ್ರ. ಕೆಳಗೆ ‘ಹೈದರಾಲಿಯನ್ನು ಎದುರಿಸಿ ಮಾಯಕೊಂಡದಲ್ಲಿ ಮಡಿದ ವೀರ’ ಅಂತ ಬರೆದಿತ್ತು. ಸಾವಿರಾರು ಲೈಕು. ಆದ್ರೆ ಅದರಲ್ಲಿ ಇಬ್ಬರು ಮನುಷ್ಯರು ಸೇರಿಹೋಗಿದ್ದಾರೆ. ಮಾಯಕೊಂಡದಲ್ಲಿ ಒಬ್ಬ ಮದಕರಿ ತೀರಿಕೊಂಡಿದ್ದು 1748ರಲ್ಲಿ. ಹೈದರಾಲಿ ಇನ್ನೊಬ್ಬ ಮದಕರಿಯಿಂದ ದುರ್ಗ ಕಿತ್ತುಕೊಂಡಿದ್ದು 1779ರಲ್ಲಿ. ನಡುವೆ 31 ವರ್ಷ!

ನಾನು ಓದಿದ್ದು ಬಿಕಾಂ. ಒಂದೇ ಹೆಸರಿನ ಇಬ್ಬರು ಗಿರಾಕಿಗಳ ಲೆಕ್ಕವನ್ನ ಒಂದೇ ಖಾತೆಗೆ ಬರೆದ್ರೆ ಏನಾಗುತ್ತೆ? ಇಬ್ಬರ ಲೆಕ್ಕವೂ ತಪ್ಪುತ್ತೆ. ಇಲ್ಲೂ ಅದೇ ಆಗಿದೆ. ಹಾಗಾಗಿ ಇವತ್ತು ಆ ಮನೆತನದ ಖಾತೆಗಳನ್ನ ಬಿಡಿಸಿ ನೋಡೋಣ.

ಚಿತ್ರದುರ್ಗದ ನಾಯಕರದ್ದು ಕಾಮಗೇತಿ ವಂಶ, ಬೇಡ ಸಮುದಾಯದವರು. ಮೂಲಪುರುಷ ಮತ್ತಿ ತಿಮ್ಮಣ್ಣ ನಾಯಕರು. ವಿಜಯನಗರದ ಅರಸರು ಅವರ ಶೌರ್ಯ ಮೆಚ್ಚಿ ಮೊದಲು ಹೊಳಲ್ಕೆರೆ, ಆಮೇಲೆ ಹಿರಿಯೂರು, ಚಿತ್ರದುರ್ಗದ ನಾಯಕತನ ಕೊಟ್ಟರು. ಮಗ ಓಬಣ್ಣ ನಾಯಕರು ಮದಕರಿ ಅನ್ನೋ ಹೆಸರನ್ನೂ ಇಟ್ಟುಕೊಂಡರು, 1565ರಲ್ಲಿ ವಿಜಯನಗರ ಸೋತ ಮೇಲೆ ಸ್ವತಂತ್ರವಾಗಿ ಆಳಿದರು. ಅಲ್ಲಿಂದ ಮುಂದೆ ಮದಕರಿ, ಕಸ್ತೂರಿ ರಂಗಪ್ಪ ಅನ್ನೋ ಹೆಸರುಗಳು ಮನೆಯಲ್ಲಿ ಮತ್ತೆ ಮತ್ತೆ ಬಂದವು.

ಇದು ನಮ್ಮಲ್ಲಿ ಮಾತ್ರ ಅಲ್ಲ. ಜರ್ಮನಿಯ ರಾಯ್ಸ್ ಅನ್ನೋ ರಾಜಮನೆತನದಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಹೈನ್ರಿಖ್ ಅಂತಲೇ ಹೆಸರು. ಗುರುತಿಗೆ ಸಂಖ್ಯೆ. ನಮ್ಮ ಜನ ಸಂಖ್ಯೆ ಹಾಕಲಿಲ್ಲ, ‘ಹಿರೇ ಮದಕರಿ’ ಅಂದರು.

ಈ ಹಿರೇ ಮದಕರಿಯವರ ತಂದೆ ಭರಮಣ್ಣ ನಾಯಕರು. ಅದಕ್ಕೂ ಮುಂಚೆ ಕೆಲವು ವರ್ಷ ದಳವಾಯಿಗಳದ್ದೇ ಕಾರುಬಾರು, ಯಾರು ಪಟ್ಟಕ್ಕೆ ಕೂರಬೇಕು ಅಂತ ಅವರೇ ತೀರ್ಮಾನ ಮಾಡ್ತಿದ್ದರು. 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕರು ಮನೆತನವನ್ನ ಮತ್ತೆ ಗಟ್ಟಿ ಮಾಡಿದರು. ದಾವಣಗೆರೆ ದಾರೀಲಿ ಸಿಗೋ ಭರಮಸಾಗರಕ್ಕೆ ಅವರದ್ದೇ ಹೆಸರು. ಅವರ ಮಗ ಹಿರೇ ಮದಕರಿ ಬಿದನೂರಿನವರ ಕಡೆಯ ಸೈನ್ಯದ ವಿರುದ್ಧ ಮಾಯಕೊಂಡದಲ್ಲಿ ಹೋರಾಡುತ್ತಾ ಬಿದ್ದರು. ಆಮೇಲೆ ಅವರ ಮಗ ಎರಡನೇ ಕಸ್ತೂರಿ ರಂಗಪ್ಪ.

ಕಥೆ ತಿರುಗೋದೇ ಇಲ್ಲಿ. ಕಸ್ತೂರಿ ರಂಗಪ್ಪ ನಾಯಕರಿಗೆ ಮಕ್ಕಳಿರಲಿಲ್ಲ. ಆಗ ಪಟ್ಟಕ್ಕೆ ಬಂದವರು ಹೊಸದುರ್ಗ ಕಡೆಯ ಜಾನಕಲ್ಲಿನ ಶಾಖೆಯ ಭರಮಪ್ಪ ನಾಯಕರ ಮಗ. ಎಳೆ ವಯಸ್ಸಿನ ಹುಡುಗ. ಅವರೇ ಕೊನೆಯ ಮದಕರಿ. ಒನಕೆ ಓಬವ್ವ ಇದ್ದಿದ್ದು ಇವರ ಕಾಲದಲ್ಲಿ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕಾದಂಬರಿ ಇರೋದೂ ಇವರ ಬಗ್ಗೆನೇ. ಅಂದ್ರೆ ನಾವು ಯಾರನ್ನ ಮನೆತನದ ಗುರುತು ಅಂದುಕೊಂಡಿದ್ದೀವೋ, ಅವರು ಹಿಂದಿನ ಅರಸರ ಮಗನೇ ಅಲ್ಲ! ಹುಟ್ಟಿದಾಗಿನಿಂದ ಸಿಂಹಾಸನಕ್ಕೆ ಅಂತ ಬೆಳೆಸಿದ ಹುಡುಗ ಅಲ್ಲ. ಹಾಗೆ ಬಂದವರು ಹೈದರ್‌ನಂಥವನ ದಾಳಿಗಳನ್ನ ಅಷ್ಟು ವರ್ಷ ತಡೆದರು ಅನ್ನೋದು ನನಗೆ ದೊಡ್ಡ ವಿಷಯ. ರೀಲ್ಸ್‌ನಲ್ಲಿ ಕಳೆದುಹೋಗೋದು ಇದೇ.

1779ರಲ್ಲಿ ಕೋಟೆ ಬಿದ್ದಾಗ ಹೈದರ್ ಅವರೊಬ್ಬರನ್ನೇ ಹಿಡಿಯಲಿಲ್ಲ. ಇಡೀ ಕುಟುಂಬವನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಯಾಕೆ? ಮನೆತನದ ಒಬ್ಬ ಹುಡುಗ ಉಳಿದರೂ ಜನ ಅವನ ಸುತ್ತ ಸೇರ್ತಾರೆ. ಜಾನಕಲ್ಲಿನ ಹುಡುಗನ ಸುತ್ತ ಸೇರಿದ್ದರಲ್ಲ, ಹಾಗೆ. ಇದು ನನ್ನ ಅನಿಸಿಕೆ. ಬೇಡ ಸಮುದಾಯದ ಸುಮಾರು 20,000 ಜನರನ್ನೂ ದುರ್ಗದಿಂದ ಸಾಗಿಸಿದರು ಅಂತ ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲಿದೆ. ಅವರೂ ಅಪ್ಪ, ಅಮ್ಮ, ಮಕ್ಕಳೇ. ಅವರ ಹೆಸರು ಯಾವ ವಂಶಾವಳಿಯಲ್ಲೂ ಇಲ್ಲ.

ಮುಂದಿನ ಸಲ ಮದಕರಿ ನಾಯಕರ ಬಗ್ಗೆ ಯಾರಾದ್ರೂ ಪೋಸ್ಟ್ ಕಳಿಸಿದ್ರೆ, ಫಾರ್ವರ್ಡ್ ಮಾಡೋಕೆ ಮುಂಚೆ ಇಸವಿ ನೋಡಿ. 1748 ಅಂದ್ರೆ ಹಿರೇ ಮದಕರಿ, 1779 ಅಂದ್ರೆ ಜಾನಕಲ್ಲಿನ ಹುಡುಗ. ಇಸವಿನೇ ಇಲ್ಲ ಅಂದ್ರೆ ‘ಯಾವ ಮದಕರಿ?’ ಅಂತ ಕೇಳಿ. ಸಿಗೋಣ.