ಹಿತ್ತಲಿನ ಹುಳುಗಳ ವೇಳಾಪಟ್ಟಿ

ನೀಲಿಪಟ್ಟೆ ಜೇನಿನ ಗಂಡುಗಳು ರಾತ್ರಿ ಗೂಡು ಸೇರುವುದಿಲ್ಲ. ಹೊತ್ತು ಮುಳುಗುವಾಗ ಯಾವುದಾದರೂ ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು ಅಲ್ಲೇ ನಿದ್ದೆ ಹೋಗುತ್ತವೆ. ಎಷ್ಟೋ ಸಲ ಮರುದಿನವೂ ಅದೇ ಕಡ್ಡಿಗೆ ಬರುತ್ತವೆ. ಹಗಲಲ್ಲಿ ಹೂವಿನಿಂದ ಹೂವಿಗೆ ಚಿಮ್ಮುವ ಈ ಜೇನಿನ ಚಿತ್ರ ತೆಗೆಯುವುದು ಬಲು ಕಷ್ಟ. ಅದು ಮಲಗುವ ಜಾಗ ಗೊತ್ತಿದ್ದವರಿಗೆ ಮಾತ್ರ ಬೆಳಗಿನ ಜಾವ ಅದರ ಮೈಯ ಒಂದೊಂದು ಕೂದಲೂ ಸಿಗುತ್ತದೆ. ಮ್ಯಾಕ್ರೋ ಛಾಯಾಗ್ರಹಣದಲ್ಲಿ ಮೊದಲು ಕಲಿಯಬೇಕಾದದ್ದು ಇದನ್ನೇ. ಕ್ಯಾಮೆರಾದ ಮಾತು ಆಮೇಲೆ.

ವಸ್ತು ಎಷ್ಟು ದೊಡ್ಡದೋ ಸೆನ್ಸರ್ ಮೇಲೆ ಬಿಂಬವೂ ಅಷ್ಟೇ ದೊಡ್ಡದಾಗಿ ಬಿದ್ದರೆ ಅದು 1:1 ಅನುಪಾತ. ಫುಲ್‌ಫ್ರೇಮ್ ಸೆನ್ಸರ್‌ನ ಅಗಲ 36 ಮಿ.ಮೀ.; ಆಗ ಚೌಕಟ್ಟಿನೊಳಗೆ ಬರುವ ಜಗತ್ತೂ ಅಷ್ಟೇ. ಲೆನ್ಸಿನ ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ಎಫ್/8ರಲ್ಲಿದ್ದಾಗ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿ.ಮೀ. ಕಣ್ಣು ನಿಖರವಾಗಿ ಬಂದರೆ ರೆಕ್ಕೆ ಮಸುಕು. ಅಪರ್ಚರ್ ಕಿರಿದು ಮಾಡುತ್ತಾ ಹೋದರೆ ಆಳ ಹೆಚ್ಚುತ್ತದೆ ನಿಜ, ಆದರೆ ಒಂದು ಹಂತದಾಚೆ ಬೆಳಕಿನ ವಿವರ್ತನೆಯಿಂದ ಚಿತ್ರದ ಮೊನಚೇ ಕಳೆಯುತ್ತದೆ. ಹಾಗಾಗಿ ಪಳಗಿದವರು ಹುಳದ ಮೈಗೆ ಸೆನ್ಸರ್ ಸಮಾನಾಂತರವಾಗುವಂತೆ ಕ್ಯಾಮೆರಾ ಹಿಡಿಯುತ್ತಾರೆ. ಫೋಕಸ್ ರಿಂಗ್ ತಿರುಗಿಸುವ ಬದಲು ತಾವೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯುತ್ತಾರೆ. ಗಾಳಿ ಎದ್ದ ಮೇಲೆ ಹೂವಿನ ದಂಟು ಒಂದೆಡೆ ನಿಲ್ಲುವುದಿಲ್ಲ. ಮುಂಜಾವೇ ಬೇಕೆನ್ನುವುದಕ್ಕೆ ಅದೂ ಒಂದು ಕಾರಣ. ಫ್ಲ್ಯಾಷ್ ಬಳಸುವವರು ಅದರ ಮುಂದೆ ತೆಳು ಬಿಳಿ ಕಾಗದ ಕಟ್ಟಿದರೆ ದುಂಬಿಯ ಹೊಳೆಯುವ ಬೆನ್ನಿನ ಮೇಲೆ ಬೆಳಕು ಚುಚ್ಚುವುದಿಲ್ಲ.

ದುಬಾರಿ ಲೆನ್ಸ್ ಇಲ್ಲದಿದ್ದರೆ ಬೇಡ. ಹಳೆಯ 50 ಮಿ.ಮೀ. ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ತಿರುಗಿಸಿ ಜೋಡಿಸಿದರೂ 1:1ರ ಆಸುಪಾಸು ತಲುಪಬಹುದು.

ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಬೆಳೆಸಿದ ವನ್ಯಜೀವಿ ಛಾಯಾಗ್ರಹಣದ ಗಟ್ಟಿ ಪರಂಪರೆ ನಮ್ಮಲ್ಲಿದೆ. ಅದರ ಈ ಕವಲಿಗೆ ಕಾಡೇ ಬೇಕೆಂದಿಲ್ಲ, ಒಂದು ಕರಿಬೇವಿನ ಗಿಡ ಸಾಕು. ನಿಂಬೆ ಚಿಟ್ಟೆ ಅದರ ಚಿಗುರಿಗೆ ತಿಳಿಹಳದಿಯ ದುಂಡು ಮೊಟ್ಟೆಗಳನ್ನು ಒಂದೊಂದಾಗಿ ಅಂಟಿಸುತ್ತದೆ. ಹೊರಬಂದ ಮರಿಹುಳ ಥೇಟ್ ಹಕ್ಕಿಯ ಹಿಕ್ಕೆ. ಕೊನೆಯ ಪೊರೆ ಕಳಚಿದಾಗ ಹಸಿರಾಗಿ ಎಲೆಯೊಳಗೆ ಎಲೆಯಾಗುತ್ತದೆ. ಅಪಾಯ ಕಂಡರೆ ತಲೆಯ ಹಿಂದಿನಿಂದ ಕಿತ್ತಳೆಗೆಂಪಿನ ಕವಲು ಅಂಗವೊಂದು ಘಾಟಿನೊಂದಿಗೆ ಹೊರಚಾಚುತ್ತದೆ. ಒಗ್ಗರಣೆಗೆ ಎಲೆ ಕಿತ್ತ ಗಿಡದಲ್ಲೇ ಇಷ್ಟೆಲ್ಲ ನಡೆಯುತ್ತಿರುತ್ತದೆ! ಮಾವಿನ ಮರವಿದ್ದರೆ ಇನ್ನೂ ಸೊಗಸು. ಅಲ್ಲಿ ಓಡಾಡುವ, ಮಲೆನಾಡಿಗರು ಚಟ್ನಿ ಮಾಡುವ ಚಗಳಿ ಇರುವೆಗಳ ನಡುವೆ ಅವುಗಳದೇ ಬಣ್ಣದ, ಅವುಗಳಂತೆಯೇ ನಡೆಯುವ ಜೇಡವೊಂದಿದೆ. ಅದು ಮುಂಗಾಲುಗಳನ್ನು ಮೀಸೆಯಂತೆ ಆಡಿಸುತ್ತದೆ. ಲೆನ್ಸಿನಲ್ಲಿ ಕಾಲು ಎಣಿಸಿದಾಗಲೇ ಗುಟ್ಟು ಬಯಲು: ಎಂಟು.

ಹುಳುಗಳನ್ನು ಫ್ರಿಜ್‌ನಲ್ಲಿಟ್ಟು ಮರಗಟ್ಟಿಸಿ ಚಿತ್ರ ತೆಗೆಯುವವರೂ ಇದ್ದಾರೆ. ಅದು ಹಿಂಸೆ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ತಂಪಿಗೆ ಜಡವಾಗಿ ಕುಳಿತ ಹುಳ ಮುಂಜಾನೆ ತಾನಾಗಿಯೇ ಸಿಗುತ್ತದೆ. ಬಿಸಿಲು ಮೈಗೆ ತಾಕಿ ಅದು ಚುರುಕಾಗುವ ಮುನ್ನ ನಾವು ಹಾಜರಿರಬೇಕು, ಅಷ್ಟೆ.

ಚಿತ್ರದ ಜೊತೆ ದಿನಾಂಕ, ಊರು, ಹುಳ ಕುಳಿತಿದ್ದ ಗಿಡದ ಹೆಸರು ಬರೆದಿಡುವುದನ್ನು ಮರೆಯಬಾರದು. ಮರಿಹುಳ ಯಾವ ಜಾತಿಯದು ಎಂದು ಪತ್ತೆ ಮಾಡುವಾಗ ತಜ್ಞರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದು ಏನು ತಿನ್ನುತ್ತಿತ್ತು ಎಂಬುದೂ ಒಂದು.