ಕಿವಿಯಿಲ್ಲದ ರಿಮೋಟು

ಟಿವಿಗೊಂದು, ಸೆಟ್‌ಟಾಪ್ ಬಾಕ್ಸಿಗೊಂದು, ಎವಿ ರಿಸೀವರಿಗೊಂದು, ಬ್ಲೂ-ರೇ ಪ್ಲೇಯರಿಗೊಂದು ಅಂತ ಸೋಫಾದ ಮೇಲೆ ನಾಲ್ಕು ರಿಮೋಟುಗಳು ಬಿದ್ದಿರುತ್ತವೆ, ಎಲ್ಲದರ ಬದಲು ಒಂದೇ ಯೂನಿವರ್ಸಲ್ ರಿಮೋಟು ತರುವುದಾದರೆ ಯಾವುದನ್ನು ತರಬೇಕು ಎಂದು ಓದುಗರೊಬ್ಬರು ಕೇಳಿದ್ದಾರೆ. ಇಂಥ ರಿಮೋಟಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಎದ್ದು ಕಾಣುವುದು ಎರಡು ಸಂಖ್ಯೆಗಳು: ಎಷ್ಟು ಉಪಕರಣಗಳನ್ನು ನಡೆಸುತ್ತದೆ, ಎಷ್ಟು ಸಾವಿರ ಬ್ರ್ಯಾಂಡುಗಳ ಕೋಡು ಇದರೊಳಗಿದೆ. ಅವು ಸುಳ್ಳೆಂದಲ್ಲ, ಆದರೆ ಕೊಳ್ಳುವವರಿಗೆ ಅವುಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಾಲ್ಕು ಪೆಟ್ಟಿಗೆಗಳಿರುವ ಮನೆಗೆ ಹದಿನೈದನ್ನು ನಡೆಸುವ ರಿಮೋಟಿನಿಂದ ಆಗಬೇಕಾದ್ದೇನು? ಯಾವ ರಿಮೋಟು ಒಗ್ಗುತ್ತದೆ ಎಂಬುದನ್ನು ತೀರ್ಮಾನಿಸುವುದು ನಿಮ್ಮ ಟಿವಿ ಸ್ಟ್ಯಾಂಡಿನಲ್ಲಿರುವ ಆ ಪೆಟ್ಟಿಗೆಗಳೇ. ಅವುಗಳಲ್ಲಿ ಪ್ರತಿಯೊಂದಕ್ಕೂ ‘ಆನ್ ಆಗು’, ‘ಆಫ್ ಆಗು’ ಎಂಬ ಎರಡು ಬೇರೆ ಬೇರೆ ಆಜ್ಞೆಗಳು ಅರ್ಥವಾಗುತ್ತವೆಯೇ ಇಲ್ಲವೇ? ಹೋಮ್ ಥಿಯೇಟರಿನ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಇದು, ಡಬ್ಬಿಯ ಮೇಲೆ ಎಲ್ಲೂ ಬರೆದಿರದ ಪ್ರಶ್ನೆಯೂ ಇದೇ.

ರಿಮೋಟಿನ ಮೂತಿಯಲ್ಲಿರುವ ಎಲ್‌ಇಡಿ ಸುಮಾರು 940 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬಿಡುತ್ತದೆ. ಬಿಸಿಲಿನಲ್ಲೂ ಹಳೆಯ ಕಾಲದ ಬಲ್ಬಿನಲ್ಲೂ ಅವಗೆಂಪು ಧಾರಾಳವಾಗಿರುವುದರಿಂದ ಸುಮ್ಮನೆ ಉರಿಸಿದರೆ ಟಿವಿಗೆ ಯಾವುದು ಯಾವುದೆಂದು ತಿಳಿಯದು. ಅದಕ್ಕೇ ಅದನ್ನು ಸೆಕೆಂಡಿಗೆ 38,000 ಸಲದ ಆಸುಪಾಸಿನಲ್ಲಿ ಮಿನುಗಿಸುತ್ತಾರೆ. ಜಪಾನಿನ ಎನ್‌ಇಸಿ ಕಂಪನಿಯ ಪದ್ಧತಿ ಇಂದಿಗೂ ಬಹಳ ಬಳಕೆಯಲ್ಲಿದೆ. ಅದರಲ್ಲಿ ಮೊದಲು 9 ಮಿಲಿಸೆಕೆಂಡಿನ ಉದ್ದನೆಯ ಮಿನುಗು, ಆಮೇಲೆ 4.5 ಮಿಲಿಸೆಕೆಂಡ್ ಮೌನ, ಅನಂತರ 32 ಬಿಟ್‌ಗಳು. ಯಾರಿಗೆ ಎಂಬ ವಿಳಾಸಕ್ಕೆ 8, ಏನು ಮಾಡಬೇಕೆಂಬ ಆಜ್ಞೆಗೆ 8. ಉಳಿದ 16ರಲ್ಲಿ ಇವೆರಡೇ ತಲೆಕೆಳಗಾಗಿ, ಸೊನ್ನೆಯಿದ್ದಲ್ಲಿ ಒಂದು, ಒಂದಿದ್ದಲ್ಲಿ ಸೊನ್ನೆಯಾಗಿ, ಮತ್ತೊಮ್ಮೆ ಬರುತ್ತವೆ. ಎರಡೂ ತಾಳೆಯಾಗದಿದ್ದರೆ ಟಿವಿ ಆ ಆಜ್ಞೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲ್ಲ ಸೇರಿ ಸೆಕೆಂಡಿನ ಹದಿನೈದರಲ್ಲೊಂದು ಭಾಗದ ವ್ಯವಹಾರ. ಇಷ್ಟೆಲ್ಲ ಎಚ್ಚರವಹಿಸಿ ಹೇಳಿದ ಮಾತು ತಲುಪಿತೋ ಇಲ್ಲವೋ ಎಂಬುದು ಮಾತ್ರ ರಿಮೋಟಿಗೆ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೆ ಬಾಯಿದೆ, ಕಿವಿಯಿಲ್ಲ. ಎದುರಿಗಿರುವ ಪೆಟ್ಟಿಗೆಗೆ ಕಿವಿಯಿದೆ, ಬಾಯಿಲ್ಲ. ಒಂದು ಟಿವಿ, ಒಂದು ರಿಮೋಟು ಇದ್ದಷ್ಟು ದಿನ ಈ ಕೊರತೆ ಯಾರಿಗೂ ಕಾಣಿಸಲಿಲ್ಲ, ಏಕೆಂದರೆ ಅದನ್ನು ತುಂಬಿಕೊಡುತ್ತಿದ್ದವರು ಗುಂಡಿ ಒತ್ತುವ ನಾವೇ. ಟಿವಿ ಹೊತ್ತಿಕೊಳ್ಳದಿದ್ದರೆ ನೋಡುತ್ತೇವೆ, ಇನ್ನೊಮ್ಮೆ ಒತ್ತುತ್ತೇವೆ. ಯೂನಿವರ್ಸಲ್ ರಿಮೋಟು ಒಂದೇ ಗುಂಡಿಗೆ ಆರು ಆಜ್ಞೆಗಳನ್ನು ಪೋಣಿಸಿ ಸಾಲಾಗಿ ಕಳಿಸುತ್ತದಲ್ಲ, ಆಗ ಒಂದೊಂದು ಹೆಜ್ಜೆಯಲ್ಲೂ ನೋಡಿ ತಿದ್ದುವ ಮನುಷ್ಯ ನಡುವಿನಿಂದ ಜಾಗ ಖಾಲಿ ಮಾಡುತ್ತಾನೆ.

ಆಗ ಆಗುವ ಫಜೀತಿ ಇದು. ‘ಸಿನಿಮಾ’ ಎಂಬ ಗುಂಡಿ ಒತ್ತಿದರೆ ಟಿವಿಗೆ ಪವರ್, ರಿಸೀವರಿಗೆ ಪವರ್, ಪ್ಲೇಯರಿಗೆ ಪವರ್, ಆಮೇಲೆ ಟಿವಿಯ ಇನ್‌ಪುಟ್ ಬದಲಾವಣೆ ಎಂದು ಸರಣಿ ಹೂಡಿದ್ದೀರಿ. ಮನೆಯಲ್ಲಿ ಯಾರೋ ಆಗಲೇ ವಾರ್ತೆ ನೋಡಲು ಟಿವಿ ಹಾಕಿದ್ದಾರೆ. ಗುಂಡಿ ಒತ್ತಿದಿರಿ: ರಿಸೀವರೂ ಪ್ಲೇಯರೂ ಎದ್ದವು, ಟಿವಿ ಮಲಗಿತು. ಇನ್ನೊಮ್ಮೆ ಒತ್ತಿದರೆ ಟಿವಿ ಎದ್ದು ಮಿಕ್ಕವೆರಡು ಮಲಗುತ್ತವೆ. ಎಷ್ಟು ಸಲ ಒತ್ತಿದರೂ ಮೂರೂ ಒಟ್ಟಿಗೆ ಏಳುವುದಿಲ್ಲ. ತಪ್ಪು ರಿಮೋಟಿನದಲ್ಲ. ಪವರ್ ಗುಂಡಿ ಕಳಿಸುವುದು ಟಾಗಲ್ ಆಜ್ಞೆಯನ್ನು, ಅಂದರೆ ‘ಈಗ ಹೇಗಿದ್ದೀಯೋ ಅದರ ಉಲ್ಟಾ ಆಗು’ ಎಂಬ ಮಾತನ್ನು. ವಿಚಿತ್ರವೆಂದರೆ ಆನ್‌ಗೂ ಆಫ್‌ಗೂ ಬೇರೆ ಬೇರೆ ಆಜ್ಞೆಗಳು ಅನೇಕ ಪೆಟ್ಟಿಗೆಗಳ ಒಳಗೆ ಇದ್ದೇ ಇರುತ್ತವೆ. ಸೋನಿಯ ಪದ್ಧತಿಯಲ್ಲಿ ಆಜ್ಞೆಗೆ 7 ಬಿಟ್, ಹಾಗಾಗಿ 128 ಆಜ್ಞೆಗಳಿಗೆ ಜಾಗವಿದೆ. ಟಿವಿಯ ಪವರ್ ಗುಂಡಿ ಕಳಿಸುವುದು 21 ಎಂಬ ಸಂಖ್ಯೆಯನ್ನು. 46 ಕಳಿಸಿದರೆ ಆನ್, 47 ಕಳಿಸಿದರೆ ಆಫ್, ಮೊದಲು ಯಾವ ಸ್ಥಿತಿಯಲ್ಲೇ ಇದ್ದಿರಲಿ. ಆದರೆ ಟಿವಿಯ ಜೊತೆ ಬರುವ ರಿಮೋಟಿನಲ್ಲಿ 46ಕ್ಕೂ 47ಕ್ಕೂ ಗುಂಡಿ ಹುಡುಕಿದರೆ ಸಿಗದು.

ಇದೇ ಮನೆಯಲ್ಲಿರುವ ಏಸಿ ರಿಮೋಟನ್ನು ಗಮನಿಸಿ. ಅದಕ್ಕೂ ಕಿವಿಯಿಲ್ಲ. ಆದರೆ ಅದು ‘ಇನ್ನೊಂದು ಡಿಗ್ರಿ ಏರಿಸು’ ಎನ್ನುವ ಬದಲು, ನೀವು ಯಾವ ಗುಂಡಿ ಒತ್ತಿದರೂ, ಕೂಲ್ ಮೋಡ್, 24 ಡಿಗ್ರಿ, ಫ್ಯಾನ್ ಮಧ್ಯಮ ವೇಗ ಎಂದು ಇಡೀ ಸ್ಥಿತಿಯನ್ನು ಒಂದೇ ಉಸಿರಿಗೆ ಒಪ್ಪಿಸುತ್ತದೆ. ಅದರ ಮೇಲೊಂದು ಪುಟ್ಟ ಪರದೆ ಇರುವುದೂ ಇದಕ್ಕೇ: ಸ್ಥಿತಿಯ ಲೆಕ್ಕವಿರುವುದು ರಿಮೋಟಿನಲ್ಲಿ. ನಡುವೆ ಒಂದು ಆಜ್ಞೆ ತಪ್ಪಿಹೋದರೂ ಮುಂದಿನದು ಎಲ್ಲವನ್ನೂ ಸರಿಪಡಿಸುತ್ತದೆ. ಕಿವಿಯಿಲ್ಲದವನು ಮಾತಾಡಬೇಕಾದ ರೀತಿ ಇದು. ಹವೆಯ ಯಂತ್ರ ಮಾಡುವವರಿಗೆ ಹೊಳೆದದ್ದು ಟಿವಿ ಮಾಡುವವರಿಗೆ ಹೊಳೆಯಲಿಲ್ಲವೆಂದಲ್ಲ. ಒಂದು ಗುಂಡಿಯಲ್ಲಿ ಆಗುವ ಕೆಲಸಕ್ಕೆ ಎರಡು ಗುಂಡಿ ಏಕೆ ಎಂದುಕೊಂಡಿರಬೇಕು.

ಈ ಏಕಮುಖ ಸಂಭಾಷಣೆಗೆ ಉದ್ದನೆಯ ಚರಿತ್ರೆಯಿದೆ. ಅಮೆರಿಕದ ಜೆನಿತ್ ಕಂಪನಿಯ ಯೂಜೀನ್ ಪಾಲಿ 1955ರಲ್ಲಿ ತಂದ ಫ್ಲ್ಯಾಶ್-ಮ್ಯಾಟಿಕ್ ನಿಜಕ್ಕೂ ಒಂದು ಟಾರ್ಚು. ಪರದೆಯ ನಾಲ್ಕು ಮೂಲೆಗಳಲ್ಲಿದ್ದ ದ್ಯುತಿಕೋಶಗಳಿಗೆ ಬೆಳಕು ಬಿಟ್ಟರೆ ಒಂದೊಂದು ಮೂಲೆಗೂ ಒಂದೊಂದು ಕೆಲಸ. ಕಿಟಕಿಯಿಂದ ಬಿಸಿಲು ಬಿದ್ದರೂ ಚಾನೆಲ್ ಬದಲಾಗಿಬಿಡುತ್ತಿತ್ತು. ಮರುವರ್ಷವೇ ಅದೇ ಕಂಪನಿಯ ರಾಬರ್ಟ್ ಆ್ಯಡ್ಲರ್ ಬೆಳಕನ್ನು ಬಿಟ್ಟು ಶಬ್ದಕ್ಕೆ ಬಂದರು. ಅವರ ಸ್ಪೇಸ್ ಕಮಾಂಡಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಅಲ್ಯುಮಿನಿಯಂ ಸರಳಿಗೆ ಬಡಿಯುತ್ತಿತ್ತು. ನಾಲ್ಕು ಸರಳು, ನಾಲ್ಕು ಉದ್ದ, ಮನುಷ್ಯರಿಗೆ ಕೇಳಿಸದ ನಾಲ್ಕು ಸ್ವರ. ಬ್ಯಾಟರಿ ಮುಗಿಯುವ ರಗಳೆಯೇ ಇಲ್ಲದ ಇಂಥ ರಿಮೋಟನ್ನು ನೆನೆದರೆ ಇಂದಿಗೂ ಹೊಟ್ಟೆಕಿಚ್ಚಾಗುತ್ತದೆ. ಅವಗೆಂಪು ಬಂದು, ಮನೆಗೆ ವಿಸಿಆರೂ ಸ್ಟೀರಿಯೋ ಸಹ ಸೇರಿ, 1985ರ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಯಂತ್ರಗಳನ್ನು ನಡೆಸುವ ರಿಮೋಟುಗಳು ಅಮೆರಿಕದ ಮಾರುಕಟ್ಟೆಗೆ ಬಂದವು. ಆ್ಯಪಲ್‌ನಿಂದ ಹೊರಬಂದ ಸ್ಟೀವ್ ವಾಜ್ನಿಯಾಕ್ ಸಿಎಲ್ 9 ಎಂಬ ಕಂಪನಿ ಕಟ್ಟಿ 1987ರಲ್ಲಿ ಹೊರತಂದ ಕೋರ್ ಎಂಬ ರಿಮೋಟಂತೂ ಬೇರೆ ರಿಮೋಟುಗಳ ಮಿನುಗನ್ನು ನೋಡಿ ಕಲಿತುಕೊಂಡು, ಹಲವನ್ನು ಒಂದೇ ಗುಂಡಿಗೆ ಪೋಣಿಸಬಲ್ಲದಾಗಿತ್ತು.

ಕಲಿಯುವ ರಿಮೋಟು ಕೊಂಡರೆ ಕೋಡುಗಳ ತಾಪತ್ರಯವೇ ಇಲ್ಲ ಎಂದು ಅಂಗಡಿಯವರು ಹೇಳುವುದುಂಟು. ಅರ್ಧ ಸತ್ಯ. ಕಲಿಯುವ ರಿಮೋಟು ಗಿಣಿಪಾಠ ಒಪ್ಪಿಸುತ್ತದೆ. ಮೂಲ ರಿಮೋಟಿನಲ್ಲಿ ಗುಂಡಿಯೇ ಇಲ್ಲದ 46ನ್ನೂ 47ನ್ನೂ ಅದಕ್ಕೆ ಯಾರು ಹೇಳಿಕೊಡಬೇಕು? ಕಲಿತದ್ದೂ ಎಷ್ಟೋ ಸಲ ಕೈಕೊಡುತ್ತದೆ. ಫಿಲಿಪ್ಸ್‌ನ ಆರ್‌ಸಿ-5 ಪದ್ಧತಿಯ 14 ಬಿಟ್‌ಗಳಲ್ಲಿ ಒಂದು ಬಿಟ್, ಗುಂಡಿಯನ್ನು ಹೊಸದಾಗಿ ಒತ್ತಿದಾಗಲೆಲ್ಲ ಬದಲಾಗುತ್ತದೆ, ಒತ್ತಿಯೇ ಹಿಡಿದಿದ್ದರೆ ಬದಲಾಗುವುದಿಲ್ಲ. ಕಲಿಯುವ ರಿಮೋಟು ಅದನ್ನು ಒಂದೇ ಸ್ಥಿತಿಯಲ್ಲಿ ಉರು ಹೊಡೆದಿಟ್ಟುಕೊಂಡಿದ್ದರೆ, 11ನೇ ಚಾನೆಲ್ಲಿಗೆಂದು ಎರಡು ಸಲ ಒಂದನ್ನು ಒತ್ತಿದರೂ ಟಿವಿ ಅದನ್ನು ಒಂದೇ ಉದ್ದನೆಯ ಒತ್ತು ಎಂದುಕೊಳ್ಳುತ್ತದೆ. ಹಾಗಾಗಿ ಕಲಿಯುವ ಶಕ್ತಿಯ ಜೊತೆಗೆ, ಗುಂಡಿಯಿಲ್ಲದ ಕೋಡುಗಳನ್ನೂ ಹೊರಗಿನಿಂದ ತುಂಬಿಸಿಕೊಳ್ಳಬಲ್ಲ ರಿಮೋಟಿಗೆ ನನ್ನ ಮತ. ಕೋಡುಗಳ ಪಟ್ಟಿಯ ಉದ್ದಕ್ಕಿಂತ ಅದರಲ್ಲಿ ಈ ಗುಪ್ತ ಆಜ್ಞೆಗಳಿವೆಯೇ ಎಂಬುದು ಮುಖ್ಯ.

ಈ ಮಾತಿಗೆ ಬರುವ ಮೊದಲ ಆಕ್ಷೇಪ, ಹಾರ್ಮನಿ ಇದನ್ನೆಲ್ಲ ಎಂದೋ ಬಗೆಹರಿಸಿತ್ತಲ್ಲ ಎಂಬುದು. ಕೆನಡಾದ ಪುಟ್ಟ ಕಂಪನಿಯೊಂದು ರೂಪಿಸಿ, 2004ರಲ್ಲಿ ಲಾಜಿಟೆಕ್ ಕೊಂಡುಕೊಂಡ ಹಾರ್ಮನಿ ರಿಮೋಟು, ತಾನು ಕಳಿಸಿದ್ದನ್ನು ನೆನಪಿಟ್ಟುಕೊಂಡು ಯಾವುದು ಆನ್ ಇದೆ ಎಂದು ಊಹಿಸುತ್ತಿತ್ತು. ಊಹೆ ತಪ್ಪಿದರೆ ಒತ್ತಲೆಂದೇ ಸಹಾಯದ ಗುಂಡಿಯೊಂದಿತ್ತು. ಒತ್ತಿದರೆ ‘ಟಿವಿ ಆನ್ ಆಗಿದೆಯೇ?’ ಎಂದು ನಮ್ಮನ್ನೇ ಕೇಳುತ್ತಿತ್ತು. ಕಿವಿಯ ಕೊರತೆಯನ್ನು ನೆನಪಿನಿಂದ ಮುಚ್ಚಲಾಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 2021ರಲ್ಲಿ ಲಾಜಿಟೆಕ್ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಎಚ್‌ಡಿಎಂಐ ಕೇಬಲ್ಲಿನ 13ನೇ ಪಿನ್ ಸಿಇಸಿ ಎಂಬ ಸಂಭಾಷಣೆಗೇ ಮೀಸಲು, ಅದರಲ್ಲಿ ಪೆಟ್ಟಿಗೆಗಳು ಒಂದನ್ನೊಂದು ‘ನೀನು ಆನ್ ಇದ್ದೀಯಾ?’ ಎಂದು ಕೇಳಿ ಉತ್ತರ ಪಡೆಯಬಹುದು. ಸೆಕೆಂಡಿಗೆ ಸುಮಾರು 400 ಬಿಟ್‌ಗಳ ಆಮೆವೇಗವಾದರೂ ಇಷ್ಟಕ್ಕೆ ಸಾಕು. ನಿಜ, ಮನೆಯಲ್ಲಿರುವುದು ಟಿವಿ ಮತ್ತು ಸೌಂಡ್‌ಬಾರ್ ಎರಡೇ ಆದರೆ ಸಿಇಸಿ ಆನ್ ಮಾಡಿಕೊಂಡು ಸುಮ್ಮನಿರಿ, ಯೂನಿವರ್ಸಲ್ ರಿಮೋಟಿಗೆ ದುಡ್ಡು ಸುರಿಯಬೇಡಿ. ಆದರೆ ಸಿಇಸಿಯ ತಂತಿಯಿರುವುದು ಕಡ್ಡಾಯ, ಅದರಲ್ಲಿ ಮಾತಾಡುವುದು ತಯಾರಕರ ಇಷ್ಟ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ. ಒಬ್ಬೊಬ್ಬರು ಅಳವಡಿಸಿದ್ದು ಒಂದೊಂದಷ್ಟು. ಪೆಟ್ಟಿಗೆ ನಾಲ್ಕಾದಾಗ ಒಂದು ಎದ್ದರೆ ಇನ್ನೊಂದು ತಾನೇ ತಾನಾಗಿ ಇನ್‌ಪುಟ್ ಕಿತ್ತುಕೊಳ್ಳುವುದೂ ಉಂಟು. ಇನ್ನು ಕೇಬಲ್ ಆಪರೇಟರು ಕೊಟ್ಟ ಸೆಟ್‌ಟಾಪ್ ಬಾಕ್ಸು ಕೆಂಪು, ಬಿಳಿ, ಹಳದಿ ಪಿನ್ನುಗಳ ಎವಿ ವೈರಿನಲ್ಲಿ ಜೋಡಣೆಯಾಗಿದ್ದರೆ ಅಲ್ಲಿ ಸಿಇಸಿಯ ಮಾತೇ ಇಲ್ಲ. ಮೊಬೈಲೇ ಸಾಕಲ್ಲ ಎನ್ನುವವರಿಗೆ ಹೇಳಬೇಕಾದ್ದು ಇಷ್ಟು: ಕತ್ತಲಲ್ಲಿ ಬೆರಳಿಗೆ ತಡಕಿ ಸಿಗುವ ಗುಂಡಿ ಗಾಜಿನ ಪರದೆಯಲ್ಲಿಲ್ಲ. ಮೊಬೈಲಿನೊಡೆಯ ಹೊರಗೆ ಹೋದರೆ ಮನೆಯವರ ರಿಮೋಟೂ ಹೊರಗೆ ಹೋಯಿತು.

ಹಾಗಾದರೆ ಕೊಳ್ಳುವ ಮುನ್ನ ಮಾಡಬೇಕಾದ್ದು ಮನೆಯಲ್ಲೇ ಇದೆ. ಆಫ್ ಆಗಿರುವ ಟಿವಿಗೆ ಅದರದೇ ರಿಮೋಟಿನಿಂದ ಒಂದು ಚಾನೆಲ್ ಸಂಖ್ಯೆಯನ್ನೋ, ಇದ್ದರೆ ನೇರ ಇನ್‌ಪುಟ್ ಗುಂಡಿಯನ್ನೋ ಒತ್ತಿನೋಡಿ. ಕೆಲವು ಪೆಟ್ಟಿಗೆಗಳು ಅದಕ್ಕೇ ಎಚ್ಚರಗೊಳ್ಳುತ್ತವೆ, ಆಗಲೇ ಆನ್ ಇದ್ದರೆ ಆಫ್ ಆಗುವುದಿಲ್ಲ. ಹಾಗಾದರೆ ನಿಮಗೆ ಆನ್ ಆಜ್ಞೆ ಪುಕ್ಕಟೆ ಸಿಕ್ಕಂತೆ. ಅದು ಸಿಕ್ಕರೆ ಆಫ್ ಆಜ್ಞೆಯೂ ಸಿಕ್ಕಂತೆಯೇ: ಮೊದಲು ಆನ್ ಕಳಿಸಿ, ಟಿವಿ ಎದ್ದು ಕೂರುವಷ್ಟು ಸೆಕೆಂಡು ಬಿಟ್ಟು, ಆಮೇಲೆ ಪವರ್ ಟಾಗಲ್ ಕಳಿಸಿದರೆ ಅದು ಆಫ್ ಆಗಿಯೇ ತೀರಬೇಕು. ಇದಕ್ಕೆ ಬೇಕಾದ್ದು ಸರಣಿಯ ನಡುವೆ ಕಾಯುವ ಅವಧಿಯನ್ನು ನಾವೇ ಇಡಬಹುದಾದ ರಿಮೋಟು, ಅಗ್ಗದವುಗಳಲ್ಲಿ ಇದು ಇರುವುದು ಅಪರೂಪ. ಯಾವ ಉಪಾಯಕ್ಕೂ ಬಗ್ಗದ ಪೆಟ್ಟಿಗೆಯೊಂದು ಉಳಿದರೆ ಅದನ್ನು ಸರಣಿಯಿಂದ ಹೊರಗಿಟ್ಟು ಅದರ ಪವರಿಗೆ ಬೇರೆಯೇ ಗುಂಡಿ ಕೊಡಿ. ಮೂರಕ್ಕಿಂತ ಕಡಿಮೆ ಪೆಟ್ಟಿಗೆಗಳಿದ್ದರೆ ಸೆಟ್‌ಟಾಪ್ ಬಾಕ್ಸಿನ ರಿಮೋಟನ್ನೇ ತಿರುಗಿಸಿ ನೋಡಿ, ಅನೇಕವುಗಳಲ್ಲಿ ಟಿವಿಯ ಪವರ್, ವಾಲ್ಯೂಮ್ ಕಲಿಸಿಕೊಳ್ಳುವ ಗುಂಡಿಗಳು ಇರುತ್ತವೆ. ಕಲಿಸುವಾಗ ಎರಡು ರಿಮೋಟುಗಳ ಮೂತಿಯನ್ನು ಒಂದಕ್ಕೊಂದು ಹತ್ತಿರ ಹಿಡಿಯಬೇಕು. ಮೂಲ ರಿಮೋಟು ಮಿನುಗುತ್ತಿದೆಯೇ ಎಂಬ ಅನುಮಾನವಿದ್ದರೆ ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಸಾಮಾನ್ಯವಾಗಿ ಎಲ್‌ಇಡಿ ನಸುನೇರಳೆಯಾಗಿ ಕಾಣುತ್ತದೆ. ಕೊನೆಯದಾಗಿ, ಟಿವಿಯ ಬೆನ್ನಿಗೆ ಸಿಕ್ಕಿಸುವ ಫೈರ್ ಟಿವಿ ಸ್ಟಿಕ್ಕಿನಂಥವು ಅವಗೆಂಪನ್ನು ಗ್ರಹಿಸುವುದೇ ಇಲ್ಲ, ಅವುಗಳದ್ದು ಬ್ಲೂಟೂತ್. ಅಂಥದ್ದಿದ್ದರೆ ಅವಗೆಂಪು ಮಾತ್ರ ಬಲ್ಲ ರಿಮೋಟು, ಅದು ಹದಿನೈದು ಉಪಕರಣಗಳದ್ದಾದರೂ, ನಿಮ್ಮ ಮನೆಗೆ ಆಗದು. ಬ್ಲೂಟೂತ್ ಸಹ ಇರುವುದನ್ನೇ ಕೇಳಿ ಕೊಳ್ಳಿ.